‘ಮ.’ ಕುರಿತ ಸಮಜಾಯಿಷಿ

ನಾಯಿ ಕಚ್ಚಿದರೆ ಸೂಜಿಮದ್ದು ಉಂಟು, ಹಾವು ಕಚ್ಚಿದರೂ ಉಂಟು; ತಪಾಸಣೆಯ ಚಟ ಹತ್ತಿದವರಿಗೆ ಮಾತ್ರ ವೈದ್ಯಶಾಸ್ತ್ರ ಇದುವರೆಗೆ ಏನನ್ನೂ ಕಂಡುಹಿಡಿದಿಲ್ಲ. ನಿವೃತ್ತಿಯೂ ಅದಕ್ಕೆ ಮದ್ದಲ್ಲ ಎಂಬುದಕ್ಕೆ ಷರಾ ಸಾಹೇಬರೇ ಸಾಕ್ಷಿ.

ಮೂವತ್ತಮೂರು ವರ್ಷ ಅವರು ತಪಾಸಣಾ ವಿಭಾಗದಲ್ಲಿದ್ದರು. ಹಾಸ್ಟೆಲ್ಲು, ಆಸ್ಪತ್ರೆಯ ಅಡುಗೆಮನೆ, ಈಜುಕೊಳ, ಎಲ್ಲಿಗೆ ಹೋದರೂ ನಮೂನೆಯ ಕೊನೆಯ ಅಂಕಣವಾದ ‘ಷರಾ’ದಲ್ಲಿ ಒಂದಾದರೂ ಕೊರತೆ ಬರೆಯದೆ ಹಿಂದಿರುಗಿದವರಲ್ಲ. ಒಮ್ಮೆ ಒಂದು ವಸತಿ ಶಾಲೆಯಲ್ಲಿ ಎಷ್ಟು ತಡಕಿದರೂ ಏನೂ ಸಿಗದೆ, “ಕೊರತೆಗಳನ್ನು ಅನುಮಾನ ಬರುವಷ್ಟು ಚೆನ್ನಾಗಿ ಮುಚ್ಚಿಡಲಾಗಿದೆ” ಎಂದು ಬರೆದು ಬಂದರು. ಹೆಸರು ಅಂದೇ ಅಂಟಿತು. ತಂದೆತಾಯಿ ಇಟ್ಟ ಹೆಸರು ಈಗ ಹೆಂಡತಿಗೆ ಮಾತ್ರ ನೆನಪಿದೆ. ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, “ರೀ” ಎನ್ನುತ್ತಾರೆ.

ಬೀಳ್ಕೊಡುವ ದಿನ ಕಚೇರಿಯವರು ಎಲ್ಲರಿಗೂ ಕೊಡುವ ಗೋಡೆ ಗಡಿಯಾರವನ್ನು ಬಿಟ್ಟು ಇವರಿಗೊಂದು ನಾಯಿಮರಿ ಕೊಟ್ಟರು. ಪ್ರೀತಿಯಿಂದ ಕೊಡುತ್ತಿದ್ದೇವೆ ಎಂದು ಭಾಷಣದಲ್ಲಿ ಹೇಳಿದರು. ಹಿಂದಿನ ಸಾಲಿನಲ್ಲಿ ಕೆಲವರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಿದ್ದನ್ನು ಸಾಹೇಬರು ದುಃಖವೆಂದು ತಿಳಿದರು. ಮನೆಗೆ ಬಂದವರೇ ಮರಿಗೆ ‘ಗುಮಾಸ್ತ’ ಎಂದು ಹೆಸರಿಟ್ಟರು. ಕೈಕೆಳಗೆ ಒಬ್ಬನೂ ಇಲ್ಲದ ಮೇಲೆ ಬೆಳಿಗ್ಗೆ ಎದ್ದು ಗಂಟಲು ಸರಿಮಾಡಿಕೊಳ್ಳುವುದಾದರೂ ಯಾರಿಗಾಗಿ?

ಹೆಂಡತಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಆರಕ್ಕೆ ಬರುವವರು. ಮೊದಲ ಸೋಮವಾರ ಮರಿಯನ್ನು ಗಂಡನ ಭರವಸೆಯ ಮೇಲೆ ಬಿಟ್ಟು ಹೋದರು. ಸಂಜೆ ಬಂದು ನೋಡಿದರೆ ಸಾಹೇಬರು ಮೇಜಿನ ಮುಂದೆ ಕೂತು ‘ಹಾನಿಯ ಪಟ್ಟಿ’ ಬರೆಯುತ್ತಿದ್ದರು. ಚಪ್ಪಲಿ ಎಡಗಾಲಿನದು, ದಿಂಬು, ಟಿವಿಯ ರಿಮೋಟು, ಸೋಫಾದ ಒಂದು ಮೂಲೆ ಎಂದು ಹದಿನೇಳು ಬಾಬತ್ತುಗಳಾಗಿದ್ದವು. ಹದಿನೆಂಟನೆಯದನ್ನು ಗುಮಾಸ್ತ ಮೇಜಿನ ಕೆಳಗೆ ಕೂತು ಮುಗಿಸುತ್ತಿದ್ದ. ಅದು ಸಾಹೇಬರ ನಿವೃತ್ತಿ ಆದೇಶ.

“ಇದು ತಿಂತಾ ಇದ್ರೆ ನೀವು ನೋಡ್ತಾ ಕೂತಿದ್ರಾ?”

“ನೋಡ್ತಾ ಅಲ್ಲ ಕಣೇ. ದಾಖಲಿಸ್ತಾ.”

ಹೆಂಡತಿ ಕೈಚೀಲ ಕೆಳಗಿಟ್ಟರು. “ಎರಡೇ ದಾರಿ ಇರೋದು. ಹಿಂದಿನ ಬೀದೀಲಿ ನಾಯಿ ಡೇಕೇರ್ ಇದೆಯಂತೆ, ಅಲ್ಲಿಗೆ ಸೇರಿಸಿ. ಅಲ್ಲಿ ತಗೊಳ್ಳಲಿಲ್ಲ ಅಂದ್ರೆ ನಮ್ಮಣ್ಣನ್ನ ಕರೆಸ್ತೀನಿ. ಅವನೂ ಖಾಲಿ ಕೂತಿದ್ದಾನೆ ಪಾಪ. ಇಲ್ಲೇ ಬಂದು ಇರ್ತಾನೆ, ಮರೀನ ನೋಡ್ಕೋತಾನೆ.”

ಸಾಹೇಬರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಗುಮಾಸ್ತ ಅದನ್ನೂ ವಿಲೇವಾರಿ ಮಾಡಿದ.

ಈ ಭಾವ ಯಾರೆಂದು ಹೇಳಿದರೆ ಸಾಹೇಬರ ಭಯ ಅರ್ಥವಾದೀತು. ಅವರು ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದವರು. ಏನು ಹೇಳಿದರೂ ಮೂರು ಸಲ, ಅದೂ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ. ಹಿಂದೊಮ್ಮೆ ನಾಲ್ಕು ದಿನ ಉಳಿದಿದ್ದಾಗ ಬೆಳಿಗ್ಗೆ ಐದೂವರೆಗೇ ಪಡಸಾಲೆಯಲ್ಲಿ ನಿಂತು, “ದಯವಿಟ್ಟು ಗಮನಿಸಿ. ಸ್ನಾನದ ಮನೆ ಈಗ ಖಾಲಿಯಿದೆ” ಎಂದು ಶುರುಮಾಡುತ್ತಿದ್ದರು. ಸಾಹೇಬರಿಗೆ ಕಕ್ಕಸಿನಲ್ಲಿ ಕೊಂಚ ಹೊತ್ತು ಹಿಡಿಯುತ್ತದೆ. ಅದು ಅವರ ದೇಹದ ಮತ್ತು ದೇವರ ನಡುವಿನ ವಿಷಯ. ಭಾವ ಅದನ್ನು ಬಾಲ್ಕನಿಯಲ್ಲಿ ನಿಂತು ಬೀದಿಗೆ ತಿಳಿಸಿದ್ದರು: “ಯಜಮಾನರು ಇಪ್ಪತ್ತು ನಿಮಿಷ ತಡವಾಗಿ ಹೊರಬರಲಿದ್ದಾರೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.” ಮೂರು ಸಲ.

ಆದ್ದರಿಂದ ಗುಮಾಸ್ತನಿಗೆ ಸೀಟು ಸಿಗಲೇಬೇಕಿತ್ತು. ಹಾಗೆಂದು ನೇರವಾಗಿ ಹೋಗಿ ಕೈಮುಗಿದು ಕೇಳಿದರೆ ಷರಾ ಸಾಹೇಬರ ಮರ್ಯಾದೆ ಏನಾಗಬೇಕು? ಎದುರು ಮನೆಯ ವಕೀಲರ ಮುಂದೆ ಅವರು ಅದನ್ನು ಬೇರೆ ರೀತಿ ಹೇಳಿದರು: “ಸೇರಿಸೋದು ಆಮೇಲಿನ ಮಾತು. ಮೊದಲು ಸಂಸ್ಥೆಯ ಮೌಲ್ಯಮಾಪನ ಮಾಡ್ತೀನಿ. ಮರಿಗಳನ್ನ ಹೇಗೆ ನಡೆಸ್ಕೋತಾರೆ, ಮನೆಯವರನ್ನ ಹೇಗೆ ನಡೆಸ್ಕೋತಾರೆ, ಎಲ್ಲಾ ತೂಗಿ ನೋಡಿ ತೀರ್ಮಾನ.” ಎರಡು ದಿನ ಕೂತು ನಲವತ್ತೆರಡು ಪ್ರಶ್ನೆಗಳ ನಮೂನೆ ತಯಾರಿಸಿದರು.

*

ಡೇಕೇರಿನ ಹೆಸರು ‘ಬಾಲವಾಡಿ’. ಫಲಕದ ಕೊನೆಯ ಅಕ್ಷರಕ್ಕೆ ಡೊಂಕು ಬಾಲವೊಂದನ್ನು ಬರೆದಿದ್ದರು. ಅದನ್ನು ಗಮನಿಸದೆ ಮೊಮ್ಮಗನನ್ನು ಸೇರಿಸಲು ಬಂದ ಅಜ್ಜನೊಬ್ಬ, ಒಳಗಿನ ಶಿಸ್ತು ನೋಡಿದ ಮೇಲೆ, ಪರವಾಗಿಲ್ಲ, ಇಲ್ಲೇ ಇರಲಿ ಎಂದು ಹಟ ಹಿಡಿದಿದ್ದನಂತೆ. ನಡೆಸುವಾಕೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮಕ್ಕಳ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆಡ್ ನರ್ಸ್ ಆಗಿದ್ದವರು. ಬೀರುವಿನಂಥ ಮೈಕಟ್ಟು, ಬೀಗದಂಥ ಮುಖ.

ಮುಂದಿನ ಸೋಮವಾರ ಬೆಳಿಗ್ಗೆ ಸಾಹೇಬರು ಮರಿಯೊಂದಿಗೆ ಬಾಗಿಲಿಗೆ ಬಂದಾಗ ದೊಡ್ಡಕ್ಕ ಎದ್ದೇ ನಿಂತರು. “ಬನ್ನಿ ಬನ್ನಿ, ಒಳಗೆ ಬನ್ನಿ. ದಾರೀಲಿ ತೊಂದರೆ ಏನೂ ಆಗ್ಲಿಲ್ಲ ತಾನೆ? ಕೂತ್ಕೊಳ್ಳಿ.”

ತಪಾಸಣೆಗೆ ಬಂದವರನ್ನು ಹೀಗೇ ಬರಮಾಡಿಕೊಳ್ಳಬೇಕು. ಸಾಹೇಬರು ತೃಪ್ತಿಯಿಂದ ಕುರ್ಚಿಯಲ್ಲಿ ಕೂತರು.

“ನಿನಗಲ್ಲಪ್ಪ,” ಎಂದರು ದೊಡ್ಡಕ್ಕ. “ಅವರಿಗೆ. ನೀನು ಏಳು. ಆ ಕುರ್ಚಿ ಮೇಲೆ ಈಗ ತಾನೆ ಒಬ್ಬರು ವಾಂತಿ ಮಾಡ್ಕೊಂಡಿದ್ದಾರೆ.”

ಇದು ಬಾಲವಾಡಿಯ ನಿಯಮ. ಮರಿಗಳಿಗೆ ಬಹುವಚನ, ಮನೆಯವರಿಗೆ ಏಕವಚನ. ಬಹುವಚನದಲ್ಲಿ ಯಾರಿಗೂ ಗದರಲು ಬರುವುದಿಲ್ಲವಾದ್ದರಿಂದ ಮರಿಗಳನ್ನು ನೋಡಿಕೊಳ್ಳುವ ಹುಡುಗಿಯರ ದನಿ ತಾನಾಗಿ ತಗ್ಗುತ್ತದೆ ಎಂಬುದು ದೊಡ್ಡಕ್ಕನ ಸಿದ್ಧಾಂತ. ಮನೆಯವರಿಗೆ ಗದರುವುದು ಹೇಗೂ ಬೇಕಾಗುತ್ತದೆ.

ಸಾಹೇಬರು ಪ್ಯಾಂಟಿನ ಹಿಂಭಾಗ ಒರೆಸಿಕೊಳ್ಳುತ್ತಾ ಗಾಂಭೀರ್ಯ ತಂದುಕೊಂಡರು. “ನಾನು ಮೌಲ್ಯಮಾಪನಕ್ಕೆ ಬಂದಿದ್ದೀನಿ.”

“ಎಲ್ಲರೂ ಅದಕ್ಕೇ ಬರೋದು. ಐದು ದಿನ ನೋಡ್ತೀವಿ, ಶನಿವಾರ ಫಲಿತಾಂಶ. ದಿನಾ ಸಂಜೆ ಚೀಟಿ ಕೊಡ್ತೀವಿ, ಓದ್ಕೋ. ತಿದ್ಕೊಳ್ಳೋದು ಇದ್ರೆ ತಿದ್ಕೋ.”

ದೊಡ್ಡಕ್ಕ ಇನ್ನೂ ಏನೋ ಹೇಳಿದರು. ಕೊರಳಿಗೆ ಒಂದು, ಚೀಲಕ್ಕೆ ಒಂದು ಎಂದೇನೋ. ಅಷ್ಟರಲ್ಲಿ ಒಳಗಿದ್ದ ಹತ್ತೊಂಬತ್ತು ಮರಿಗಳು ಹೊಸಬನನ್ನು ನೋಡಿ ಒಟ್ಟಿಗೆ ಬಾಯಿ ತೆಗೆದವು. ಸಾಹೇಬರು ನಮೂನೆಯ ಮೂರನೆಯ ಪ್ರಶ್ನೆಯಲ್ಲಿ ಮುಳುಗಿದ್ದರು. ಹತ್ತೊಂಬತ್ತು ಮರಿಗಳಿಗೆ ಮೂರು ಹುಡುಗಿಯರು ಎಂಬುದನ್ನು ಬರೆದುಕೊಂಡು ಭಾಗಿಸಿ ನೋಡಿದರು. ಶೇಷ ಉಳಿಯಿತು. ಕೊರತೆ ಒಂದು ಎಂದು ಗುರುತು ಹಾಕಿಕೊಂಡರು.

ಮರಿಯನ್ನು ಬಿಟ್ಟ ಮೇಲೆ ಮನೆಗೆ ಹೋಗುವುದು ರೂಢಿ. ಸಾಹೇಬರು ಹೋಗಲಿಲ್ಲ. “ವಿಶ್ರಾಂತಿಯ ಚಾಪೆ ಸಾಕಷ್ಟು ಮೆತ್ತಗಿದೆಯೆ?” ಎಂಬ ಏಳನೆಯ ಪ್ರಶ್ನೆಗೆ ನಿಂತು ನೋಡಿ ಉತ್ತರ ಬರೆಯುವವರು ಬೇರೆ ಇಲಾಖೆಯವರು. ಇವರು ಮಲಗಿ ನೋಡಿದರು. ಮೆತ್ತಗಿತ್ತು. ನಲವತ್ತು ನಿಮಿಷದ ಮೇಲೆ ಇಬ್ಬರು ಹುಡುಗಿಯರು ಎಬ್ಬಿಸಬೇಕಾಯಿತು. “ತಿನಿಸಿನ ಗುಣಮಟ್ಟ” ಎಂಬ ಹನ್ನೊಂದನೆಯ ಪ್ರಶ್ನೆಗೆ ಎರಡು ಬಿಸ್ಕತ್ತು ಬಾಯಿಗೆ ಹಾಕಿಕೊಂಡರು. ಉಪ್ಪು ಕಡಿಮೆ ಎನಿಸಿತು.

ಸಂಜೆ ಗುಮಾಸ್ತನನ್ನು ಕರೆದುಕೊಂಡು ಹೊರಟಾಗ ಅವನು ದಾರಿಯುದ್ದಕ್ಕೂ ಬೆಳ್ಳಗಿನದೇನನ್ನೋ ಅಗಿಯುತ್ತಿದ್ದ. “ಮನೆಗೆ ಕಳಿಸುವಾಗ ಕಾಗದ ತಿನ್ನಿಸುತ್ತಾರೆ” ಎಂದು ಸಾಹೇಬರು ನಮೂನೆಯಲ್ಲಿ ಬರೆದುಕೊಂಡರು. ಮರಿಯ ಸಾಮಾನಿನ ಚೀಲದಲ್ಲಿ ಚೀಟಿಯಿತ್ತು. ಊಟದ ಮೇಜಿನ ಮುಂದೆ ಅದನ್ನು ಗಟ್ಟಿಯಾಗಿ ಓದಿದರು.

“ಮ. — ಬೆಳಿಗ್ಗೆ ಬಿಟ್ಟುಹೋಗಲು ತಕರಾರು. ಬೇರೆಯವರ ಬಿಸ್ಕತ್ತು ತಿಂದದ್ದು ಎರಡು. ಚಾಪೆಯಲ್ಲಿ ಮಲಗಿ ಏಳಲು ಮೊಂಡಾಟ. ಗೊರಕೆ ಜೋರು, ಉಳಿದವರಿಗೆ ಭಯ. ಹೊಟ್ಟೆ ವಯಸ್ಸಿಗೆ ಮೀರಿದ್ದು.”

ಹೆಂಡತಿ ಕೆಳಗೆ ಬಗ್ಗಿ ನೋಡಿದರು. “ಮ. ಅಂದ್ರೆ?”

“ಮರಿ. ಇನ್ನೇನು?”

“ಇದಕ್ಕೆಲ್ಲಿದೆ ಹೊಟ್ಟೆ? ಬೆನ್ನಿಗೇ ಅಂಟಿದೆ.”

“ದಿನಾ ನೋಡೋರಿಗೆ ಗೊತ್ತಾಗಲ್ಲ. ಅವರು ಹೊರಗಿನವರು, ಕಾಣುತ್ತೆ. ನಾಳೆಯಿಂದ ಅರ್ಧ ಊಟ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ನಾಯಿಯ ಹೆಗಲು ಮುಟ್ಟಿ ನೋಡುತ್ತಿದ್ದರು.

*

ಮಂಗಳವಾರದ ಚೀಟಿ: “ಮ. — ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಮೂರು ಗಂಟೆ. ಹೆಣ್ಣುಮಕ್ಕಳ ಹಿಂದೆ ಹಿಂದೆಯೇ ಅಲೆದಾಟ, ಬೈದರೂ ಬಿಡುವುದಿಲ್ಲ. ಕಿವಿಯಲ್ಲಿ ಕೂದಲು ವಿಪರೀತ.”

ಸಾಹೇಬರು ಅಂದು ನಮೂನೆ ಹಿಡಿದು ಹುಡುಗಿಯರ ಹಿಂದೆ ಓಡಾಡಿದ್ದು ನಿಜ. ಕರ್ತವ್ಯ ಅದು; ಅದಕ್ಕೂ ಚೀಟಿಗೂ ಸಂಬಂಧವಿದೆಯೆಂದು ಅವರ ತಲೆಗೆ ಹೊಳೆಯಲಿಲ್ಲ. ಮೂವತ್ತಮೂರು ವರ್ಷ ಬೇರೆಯವರ ಮೇಲೆ ಷರಾ ಬರೆದವರಿಗೆ, ತಮ್ಮ ಮೇಲೂ ಒಬ್ಬರು ಬರೆಯಬಹುದೆಂಬ ಕಲ್ಪನೆ ಬರುವುದು ಕಷ್ಟ. ಅವರು ಎದುರು ಮನೆಯ ವಕೀಲರಿಗೆ ಚೀಟಿ ತೋರಿಸಿದರು.

“ಮೂರು ತಿಂಗಳ ಮರಿ ಅಂದ್ರಿ,” ಎಂದರು ವಕೀಲರು. “ಇಷ್ಟು ಬೇಗ ಹೆಣ್ಣಿನ ಚಪಲವೇ?”

“ಅದೇ ನನಗೂ ಗೊತ್ತಾಗ್ತಿಲ್ಲ. ನಮ್ಮ ಮನೇಲಿ ಆ ವಾತಾವರಣ ಇಲ್ಲ.”

ಬುಧವಾರ ಮಧ್ಯಾಹ್ನ ಗುಮಾಸ್ತನನ್ನು ಅರ್ಧ ದಿನಕ್ಕೇ ಬಿಡಿಸಿಕೊಂಡು ಪಶುವೈದ್ಯರ ಬಳಿಗೆ ಹೋದರು. ವೈದ್ಯರು ಮರಿಯ ಕಿವಿಗೆ ದೀಪ ಬಿಟ್ಟು ನೋಡಿದರು. ಹೊಟ್ಟೆ ಒತ್ತಿದರು. ಬಾಯಿ ತೆಗೆಸಿ, ಹಲ್ಲಿನ ಸಂದಿಯಿಂದ ಒದ್ದೆ ಕಾಗದದ ಚೂರೊಂದನ್ನು ಎಳೆದು ಕಸದ ಬುಟ್ಟಿಗೆ ಹಾಕಿದರು.

“ಕಿವಿ ಕನ್ನಡಿ ಹಾಗಿದೆ. ಹೊಟ್ಟೆ ಇಲ್ಲವೇ ಇಲ್ಲ. ಊಟ ಹಾಕ್ತಾ ಇದ್ದೀರಾ?”

“ಅರ್ಧ.”

“ಮಿಕ್ಕರ್ಧ ಯಾರಿಗೆ ಹೋಗ್ತಿದೆ ಅಂತ ಕಾಣ್ತಾ ಇದೆ,” ಎಂದು ವೈದ್ಯರು ಸಾಹೇಬರ ಬೆಲ್ಟಿನ ಕಡೆ ನೋಡಿದರು. ಆಮೇಲೆ ಚೀಟಿ ಓದಿದರು. “ಈ ಹೆಣ್ಣಿನ ಹಿಂದೆ ಹೋಗೋ ವಿಷಯಕ್ಕೆ ಈಗಲೇ ಚಿಂತೆ ಬೇಡ. ಆರು ತಿಂಗಳು ತುಂಬಿದ ಮೇಲೆ ಬೀಜ ತೆಗೆಸಿಬಿಡಿ. ಅಲೆದಾಟ, ಮೊಂಡಾಟ ಎಲ್ಲಾ ನಿಲ್ಲುತ್ತೆ.”

ಸಾಹೇಬರು ಬರೆದುಕೊಂಡರು.

ಬುಧವಾರದ ಚೀಟಿ ಇನ್ನೂ ಕಟುವಾಗಿತ್ತು: “ಮ. — ಮೂತಿ ತೂರಿಸದ ಜಾಗವಿಲ್ಲ. ಕಾಂಪೌಂಡ್ ಗೋಡೆಗೆ ಮೂತ್ರ. ಹೇಳಹೋದರೆ ಮೈಮೇಲೆ ಬರುವುದು. ಹೀಗೇ ಆದರೆ ಸೇರಿಸಿಕೊಳ್ಳುವುದು ಕಷ್ಟ.”

“ಗೋಡೆಗೆ ಮಾಡದೆ ನಾಯಿ ಇನ್ನೆಲ್ಲಿ ಮಾಡಬೇಕು?” ಎಂದು ಸಾಹೇಬರು ಕೂಗಾಡಿದರು. ತಾವೂ ಅಂದು ಬೆಳಿಗ್ಗೆ ಬೇರೆ ಉಪಾಯವಿಲ್ಲದೆ ಆ ಗೋಡೆಯನ್ನೇ ಆಶ್ರಯಿಸಿದ್ದರಿಂದ ಅವರ ಮಾತಿನಲ್ಲಿ ಅನುಭವದ ಬಿಸಿಯಿತ್ತು. ಆದರೆ ಹೆಂಡತಿಯ ಕಣ್ಣು ಚೀಟಿಯ ಕೊನೆಯ ಸಾಲಿನ ಮೇಲೆಯೇ ನಿಂತಿತ್ತು.

“ಅಣ್ಣನಿಗೆ ಒಂದು ಮಾತು ಹೇಳಿಟ್ಟಿರ್ಲಾ?”

“ಶನಿವಾರದ ತನಕ ತಡಿ,” ಎಂದರು ಸಾಹೇಬರು.

*

ಗುರುವಾರ ಸಂಜೆ ವಕೀಲರ ಪಡಸಾಲೆಯಲ್ಲಿ ಸಮಾಲೋಚನೆ ನಡೆಯಿತು.

“ಇದು ಆರೋಪಪಟ್ಟಿ,” ಎಂದು ವಕೀಲರು ನಾಲ್ಕು ಚೀಟಿಗಳನ್ನು ಇಸ್ಪೀಟಿನಂತೆ ಹರಡಿದರು. “ಅಲ್ಲಗಳೆದರೆ ಕೆಟ್ಟಿರಿ, ಸಾಕ್ಷಿಗಳೆಲ್ಲ ಅವರ ಕಡೆಯವರು. ಒಪ್ಕೊಂಬಿಡಿ. ಪಶ್ಚಾತ್ತಾಪ ಇದೆ ಅಂತ ತೋರಿಸಿ. ಏನೇನು ಕ್ರಮ ತಗೋತೀರಿ ಅಂತ ಬರೀರಿ. ಕರಗ್ತಾರೆ.”

ಹಾಗೆ ಹುಟ್ಟಿತು ಆ ಸಮಜಾಯಿಷಿ. ಬಂದ ಪತ್ರದಲ್ಲಿ ಯಾವ ಪದವಿದೆಯೋ ಉತ್ತರದಲ್ಲೂ ಅದನ್ನೇ ಬಳಸಬೇಕೆಂಬುದು ಕಚೇರಿಯ ಧರ್ಮವಾದ್ದರಿಂದ ಸಾಹೇಬರು ಎಲ್ಲ ಕಡೆಯೂ ‘ಮ.’ ಎಂದೇ ಬರೆದರು. ಇನ್ನು ಕಚೇರಿಯ ಕನ್ನಡದ ಸೊಗಸು ಗೊತ್ತೇ ಇದೆ. ಅದರಲ್ಲಿ ಕೆಲಸ ಮಾಡಿದವನಿಗೆ ಲಿಂಗವಿಲ್ಲ, ವಚನವಿಲ್ಲ. ಜವಾಬ್ದಾರಿಯಂತೂ ಮೊದಲೇ ಇಲ್ಲ.

“ಸದರಿ ಮ. ಗೋಡೆಗೆ ಮೂತ್ರ ಮಾಡಿರುವುದು ನಿಜವಿರುತ್ತದೆ. ಇದು ಹುಟ್ಟುಗುಣ. ಮನೆಯಲ್ಲಿಯೂ ಸೋಫಾದ ಕಾಲಿಗೆ ಇದೇ ರೀತಿ ಮಾಡಲಾಗುತ್ತಿದ್ದು, ನನ್ನ ಧರ್ಮಪತ್ನಿಯು ಒರೆಸುತ್ತಿರುತ್ತಾಳೆ. ಬಿಸ್ಕತ್ತಿನ ಬಗ್ಗೆ: ಇನ್ನು ಮುಂದೆ ಬಾಯಿಗೆ ಬುಟ್ಟಿ ಕಟ್ಟಿಯೇ ಕಳುಹಿಸಲಾಗುವುದು. ಹೊಟ್ಟೆಯ ಬಗ್ಗೆ: ಊಟವನ್ನು ಅರ್ಧಕ್ಕೆ ಇಳಿಸಲಾಗಿದೆ. ಹೆಣ್ಣುಮಕ್ಕಳ ಹಿಂದೆ ಅಲೆಯುವ ಬಗ್ಗೆ: ವೈದ್ಯರನ್ನು ಕಾಣಲಾಗಿದ್ದು, ಬೀಜ ತೆಗೆಸಲು ಸಲಹೆ ನೀಡಿರುತ್ತಾರೆ. ಇದಕ್ಕೆ ನನ್ನ ಹಾಗೂ ನನ್ನ ಕುಟುಂಬದ ಪೂರ್ಣ ಒಪ್ಪಿಗೆ ಇರುತ್ತದೆ. ಅಲ್ಲಿಯವರೆಗೆ ಸದರಿ ಮ. ಅನ್ನು ರಾತ್ರಿ ಕಟ್ಟಿಹಾಕಲಾಗುವುದು. ದಯಮಾಡಿ ಕೈಬಿಡಬಾರದಾಗಿ ಪ್ರಾರ್ಥನೆ.”

ವಕೀಲರು ಓದಿ, ಕಣ್ಣೊರೆಸಿಕೊಂಡರು. “ಕಲ್ಲೂ ಕರಗಬೇಕು.”

ಶುಕ್ರವಾರ ಬೆಳಿಗ್ಗೆ ಸಾಹೇಬರು ಅದನ್ನು ಲಕೋಟೆಯಲ್ಲಿ ಹಾಕಿ ದೊಡ್ಡಕ್ಕನ ಕೈಗಿತ್ತರು. ಸಂಜೆಯ ಚೀಟಿ ಬರಲಿಲ್ಲ. ಮರಿಯನ್ನು ತಂದು ಒಪ್ಪಿಸಿದ ಹುಡುಗಿ ಸಾಹೇಬರಿಂದ ನಾಲ್ಕು ಮಾರು ದೂರ ನಿಂತು ಹಗ್ಗವನ್ನು ನೆಲದ ಮೇಲಿಟ್ಟು ಒಳಗೆ ಓಡಿದಳು.

*

ಶನಿವಾರ ಹೆಂಡತಿ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು. ವಕೀಲರೂ ಕೋಟು ಹಾಕಿಕೊಂಡು ಬಂದರು. ಕರೆದಿರಲಿಲ್ಲ, ಆದರೆ ತೀರ್ಪಿನ ದಿನ ಮನೆಯಲ್ಲಿ ಕೂರುವುದು ಅವರ ರಕ್ತದಲ್ಲಿಲ್ಲ.

“ಬನ್ನಿ, ಕೂತ್ಕೊಳ್ಳಿ,” ಎಂದರು ದೊಡ್ಡಕ್ಕ.

ಸಾಹೇಬರು ಪಕ್ಕಕ್ಕೆ ಸರಿದು ಗುಮಾಸ್ತನಿಗೆ ದಾರಿ ಬಿಟ್ಟರು.

“ನಿಮಗೇ ಹೇಳಿದ್ದು,” ಎಂದರು ದೊಡ್ಡಕ್ಕ. ದನಿಯಲ್ಲಿ ಆಸ್ಪತ್ರೆಯ ಮೆತ್ತನೆ ಇತ್ತು. ಮೂವರೂ ಕೂತರು. ದೊಡ್ಡಕ್ಕ ಕಡತ ಬಿಚ್ಚಿದರು. “ಗುಮಾಸ್ತರು ಪಾಸು. ನೂರಕ್ಕೆ ತೊಂಬತ್ತೆಂಟು. ಇಷ್ಟು ಒಳ್ಳೇ ಸ್ವಭಾವದವರು ಈ ವರ್ಷ ಬಂದಿಲ್ಲ.”

ಸಾಹೇಬರು ವಕೀಲರ ಕಡೆ ನೋಡಿದರು. ವಕೀಲರು ಕೋಟಿನ ಕಾಲರು ಸರಿಮಾಡಿಕೊಂಡರು. ಎಲ್ಲಾ ಸಮಜಾಯಿಷಿಯ ಪ್ರಭಾವ.

“ಎರಡು ಅಂಕ ಯಾಕೆ ಹೋಯ್ತು?” ಎಂದು ಕೇಳದೆ ಇರಲು ಸಾಹೇಬರಿಗೆ ಆಗಲಿಲ್ಲ.

“ಕಾಗದ ತಿಂತಾರೆ. ಅದಿರಲಿ.” ದೊಡ್ಡಕ್ಕ ಹೆಂಡತಿಯ ಕಡೆ ತಿರುಗಿ ಅವರ ಕೈಹಿಡಿದುಕೊಂಡರು. “ಅಮ್ಮಾ, ಮೂವತ್ತು ವರ್ಷದಲ್ಲಿ ಎಂತೆಂಥವರನ್ನೋ ನೋಡಿದ್ದೀನಿ. ಇಷ್ಟು ಪಶ್ಚಾತ್ತಾಪ ನೋಡಿಲ್ಲ. ಆದ್ರೆ ಆ ಆಪರೇಷನ್ ಮಾತ್ರ ಬೇಡ ಅಂತ ಹೇಳು. ಈ ವಯಸ್ಸಿಗೆ ಯಾಕೆ?”

“ಆರು ತಿಂಗಳು ಬಿಟ್ಟೇ ಮಾಡಿಸೋದು,” ಎಂದರು ಸಾಹೇಬರು.

“ಆರು ತಿಂಗಳಲ್ಲಿ ನಿಮ್ಮ ಮನಸ್ಸು ಬದಲಾಗುತ್ತೆ.”

“ಮಾಡಿಸಿದ್ರೆ ಒಳ್ಳೇದಂತಲ್ಲ ದೊಡ್ಡಕ್ಕ,” ಎಂದರು ಹೆಂಡತಿ. “ಬೀದಿ ಸುತ್ತೋದು ತಪ್ಪುತ್ತೆ, ಮನೇಲಿ ನೆಮ್ಮದಿಯಾಗಿ ಬಿದ್ದಿರೋದು. ನಮ್ಮಣ್ಣನ ಮನೇಲೂ ಮಾಡಿಸಿದ್ರು. ಆಮೇಲೆ ಸೋಫಾ ಕೆಳಗೆ ಮಲಗಿದ್ರೆ ಎಬ್ಬಿಸಿದ್ರೂ ಏಳೋದಿಲ್ಲ.”

ದೊಡ್ಡಕ್ಕ ಹಿಡಿದಿದ್ದ ಕೈಯನ್ನು ಬಿಟ್ಟರು. “ಅಣ್ಣನಿಗೂ ಮಾಡಿಸಿದ್ರಾ?”

“ಮೊದಲು ಸ್ವಲ್ಪ ನೋವು. ಒಂದು ವಾರ ಕುತ್ತಿಗೆಗೆ ಬಕೆಟ್ಟಿನ ಹಾಗೆ ಒಂದು ಹಾಕ್ತಾರಲ್ಲ, ನೆಕ್ಕಬಾರದು ಅಂತ.”

ಬಾಗಿಲ ಬಳಿ ನಿಂತಿದ್ದ ಹುಡುಗಿ ಹೊರಗೆ ಹೋದಳು. ದೊಡ್ಡಕ್ಕ ಕಡತದಿಂದ ಸಮಜಾಯಿಷಿಯನ್ನು ತೆಗೆದು ಕೊನೆಯ ಸಾಲುಗಳನ್ನು ಮತ್ತೊಮ್ಮೆ ಓದಿದರು. ಅನಂತರ ಒಂದು ನಿರ್ಧಾರಕ್ಕೆ ಬಂದವರಂತೆ, “ರಾತ್ರಿ ಕಟ್ಟಿಹಾಕೋದು ಕಾನೂನಿಗೆ ವಿರುದ್ಧ ಅಲ್ವಾ ವಕೀಲರೇ?” ಎಂದರು. “ಗಂಡನೇ ಆದ್ರೂ?”

ಆಗ, ಐದು ದಿನಗಳಲ್ಲಿ ಮೊದಲನೆಯ ಸಲ, ವಕೀಲರಿಗೆ ತಮ್ಮ ವೃತ್ತಿ ನೆನಪಾಯಿತು. “ದೊಡ್ಡಕ್ಕ, ಈ ‘ಮ.’ ಅಂದ್ರೆ ಏನು?”

“ಮನೆಯವರು.”

ಗುಮಾಸ್ತ ಕಾಲೆತ್ತಿ ಕಿವಿ ಕೆರೆದುಕೊಂಡ.

“ಆಸ್ಪತ್ರೇಲಿ ರೋಗಿಗೆ ‘ರೋ.’, ರೋಗಿಯ ಮನೆಯವರಿಗೆ ‘ಮ.’ ಅಂತ ಬರೀತಿದ್ವಿ. ಅದೇ ಅಭ್ಯಾಸ. ಮರಿಗಳಿಗೆ ಅವರವರ ಹೆಸರಿದೆಯಲ್ಲ, ಅಕ್ಷರ ಯಾಕೆ? ಅವರ ಚೀಟಿ ಕೊರಳಿಗೆ, ಮನೆಯವರ ಚೀಟಿ ಚೀಲಕ್ಕೆ. ಮೊದಲ ದಿನವೇ ಹೇಳಿದ್ದೀನಲ್ಲ.”

ಹೆಂಡತಿ ಕೈ ಚಾಚಿದರು. ವಕೀಲರು ಜೇಬಿನಿಂದ ನಾಲ್ಕು ಚೀಟಿಗಳನ್ನು ತೆಗೆದು ಕೊಟ್ಟರು. ಸಾಹೇಬರು ವಕೀಲರನ್ನು ನೋಡಿದ ನೋಟಕ್ಕೆ ಯಾವ ಕೋರ್ಟಿನಲ್ಲೂ ಜಾಮೀನು ಸಿಗುತ್ತಿರಲಿಲ್ಲ.

ಫಾರ್ಮಸಿಸ್ಟ್ ಹೆಂಗಸು; ಎಂಥ ಕೈಬರಹವನ್ನಾದರೂ ನಿಧಾನವಾಗಿ, ತಪ್ಪಿಲ್ಲದೆ ಓದಿ ಅಭ್ಯಾಸ. “ಬೇರೆಯವರ ಬಿಸ್ಕತ್ತು ತಿಂದದ್ದು ಎರಡು.” ತಲೆಯೆತ್ತಿ ಗಂಡನನ್ನು ನೋಡಿದರು.

“ಗುಣಮಟ್ಟದ ಪ್ರಶ್ನೆ ಇತ್ತು,” ಎಂದರು ಸಾಹೇಬರು.

“ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಮೂರು ಗಂಟೆ.”

“ದೂರದಿಂದ ಎಷ್ಟು ಕಾಣುತ್ತೆ ಅಂತ.”

“ಹೆಣ್ಣುಮಕ್ಕಳ ಹಿಂದೆ ಹಿಂದೆಯೇ ಅಲೆದಾಟ.”

“ಸಹಿ ಬೇಕಾಗಿತ್ತು ಕಣೇ.”

“ಕಾಂಪೌಂಡ್ ಗೋಡೆಗೆ…” ಹೆಂಡತಿ ಆ ಸಾಲನ್ನು ಪೂರ್ತಿ ಮಾಡಲಿಲ್ಲ. ಸೋಫಾದ ಕಾಲಿನ ವಿಷಯ ನೆನಪಾಗಿ, ಸಮಜಾಯಿಷಿಯನ್ನೂ ಕೇಳಿ ಪಡೆದು ಓದಿದರು. ಓದಿ ಮಡಿಸಿದರು. “ನಾನು ಒರೆಸ್ತೀನಿ ಅಂತ ಬೇರೆ ಬರೆದಿದ್ದೀರಿ.”

“ನಿಜ ಬರೀಬೇಕಲ್ಲ.”

ದೊಡ್ಡಕ್ಕನಿಗೆ ಎಲ್ಲ ಅರ್ಥವಾಯಿತು. ಮುಖದ ಬೀಗ ಒಮ್ಮೆ ಅಲುಗಾಡಿತು. ಅವರು ಕಡತದಿಂದ ಮುಖ ಮುಚ್ಚಿಕೊಂಡು ಹೊಟ್ಟೆ ಕುಣಿಯುವುದು ನಿಲ್ಲುವವರೆಗೆ ಕಾದರು. ಕಡತ ಇಳಿಸಿದಾಗ ಬಹುವಚನವೂ ಅದರೊಂದಿಗೆ ಇಳಿದಿತ್ತು.

“ನಿನ್ನ ಫಲಿತಾಂಶವೂ ಕೇಳ್ಕೋ. ನೂರಕ್ಕೆ ಹನ್ನೊಂದು. ಫೇಲು. ಆದ್ರೆ ನಿನ್ನ ತಪ್ಪಿಗೆ ಅವರನ್ನ ಯಾಕೆ ಶಿಕ್ಷಿಸ್ಲಿ? ಗುಮಾಸ್ತರು ಸೋಮವಾರದಿಂದ ಬರ್ಲಿ. ಗೇಟಿನವರೆಗೆ ನಿನ್ನ ಹೆಂಡತಿ ತಂದು ಬಿಡ್ತಾಳೆ. ನೀನು ಬೀದಿಯ ಆ ತುದೀಲಿ ನಿಂತ್ಕೋ.”

ಸಾಹೇಬರಿಗೆ ಫೇಲಾದದ್ದು ಕೇಳಿಸಲೇ ಇಲ್ಲ. ಸೀಟು ಸಿಕ್ಕಿತ್ತು. ಭಾವ ಬರುವುದಿಲ್ಲ. ಎದೆಯ ಮೇಲಿನ ಬಂಡೆ ಉರುಳಿ, ಮರ್ಯಾದೆ ಎಂಬ ಸಣ್ಣ ವಸ್ತು ಅದರಡಿ ಅಪ್ಪಚ್ಚಿಯಾದದ್ದು ಅವರಿಗೆ ಅಷ್ಟಾಗಿ ನೋಯಲಿಲ್ಲ. ಎದ್ದು ನಿಂತು ದೊಡ್ಡಕ್ಕನಿಗೆ ಕೈಮುಗಿದರು. ಗುಮಾಸ್ತನಿಗೂ ಮುಗಿಯುವವರಿದ್ದರು, ಹೆಂಡತಿ ತೋಳು ಹಿಡಿದು ಎಳೆದುಕೊಂಡು ಹೊರಟರು.

ಬಾಗಿಲಲ್ಲಿ ದೊಡ್ಡಕ್ಕ, “ಅಮ್ಮಾ, ‘ಮ.’ದು ಕೊನೇ ಚೀಟಿ. ನಿನ್ನೆ ಕೊಡೋಕೆ ಹುಡುಗಿ ಹೆದರಿಕೊಂಡ್ಲು,” ಎಂದು ಒಂದು ಕಾಗದವನ್ನು ಹೆಂಡತಿಯ ಕೈಯಲ್ಲಿಟ್ಟರು. ಹೆಂಡತಿ ದಾರಿಯಲ್ಲಿ ಅದನ್ನು ಒಮ್ಮೆ ಓದಿದರು. ಮನೆಯ ಮೆಟ್ಟಿಲ ಬಳಿ ನಿಂತು ಇನ್ನೊಮ್ಮೆ ಓದಿದರು.

ಸಾಹೇಬರು ಮೇಜಿನ ಮುಂದೆ ಕೂತು, ಬಾಕಿ ಉಳಿದಿದ್ದ ನಮೂನೆಯನ್ನು ಮುಗಿಸಲು ತೆಗೆದರು. ಏನೇ ಆಗಲಿ, ಕೈಗೆತ್ತಿಕೊಂಡ ತಪಾಸಣೆ ಮುಗಿಯಬೇಕು. ನಲವತ್ತೊಂದನೆಯ ಪ್ರಶ್ನೆ: “ಮರಿಗಳನ್ನು ನಡೆಸಿಕೊಳ್ಳುವ ರೀತಿ.” ಮೂವತ್ತಮೂರು ವರ್ಷದಲ್ಲಿ ಬರೆಯದ ಪದವನ್ನು ಅವರು ಬರೆದರು: “ಉತ್ತಮ.” ನಲವತ್ತೆರಡನೆಯದು: “ಮನೆಯವರನ್ನು ನಡೆಸಿಕೊಳ್ಳುವ ರೀತಿ.” ಬಹಳ ಹೊತ್ತು ಪೆನ್ನಿನ ತುದಿ ಕಚ್ಚಿದರು. “ಅರ್ಹತೆಗೆ ತಕ್ಕಂತೆ” ಎಂದು ಬರೆದು ಸಹಿ ಹಾಕಿದರು. ಮನಸ್ಸು ಹಗುರವಾಯಿತು.

ಹೆಂಡತಿ ಚೀಟಿಯನ್ನು ಮೇಜಿನ ಮೇಲೆ, ಅವರಿಗೆ ಓದಲು ಬರುವ ಹಾಗೆ ತಿರುಗಿಸಿಟ್ಟು ಫೋನು ಎತ್ತಿಕೊಂಡರು. ಅದರಲ್ಲಿ ಒಂದೇ ಸಾಲಿತ್ತು: “ಮ. — ಕೆಟ್ಟದ್ದಲ್ಲ, ಹೊತ್ತು ಹೋಗದೆ ಹೀಗೆ. ಹಗಲಲ್ಲಿ ಮನೆಯಲ್ಲಿ ಒಂಟಿಯಾಗಿ ಬಿಡಬಾರದು.”

“ಅಣ್ಣಾ, ನಾನು,” ಎಂದರು ಹೆಂಡತಿ. “ಸೀಟು ಸಿಕ್ತು. ಹೂಂ, ತೊಂಬತ್ತೆಂಟು. ಆದ್ರೂ ನೀನು ಬರ್ಲೇಬೇಕು.”

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ಫೋನಿನಿಂದ ಭಾವನ ಸ್ವರ ಕೋಣೆಯ ಆ ಕೊನೆಯವರೆಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು: ಸೀಟು ಸಿಕ್ಕ ಮೇಲೆ ನಾನು ಯಾಕೆ, ಸಿಕ್ಕ ಮೇಲೆ ನಾನು ಯಾಕೆ, ನಾನು ಯಾಕೆ?

“ಇಲ್ಲ ಇಲ್ಲ, ಮರಿಗಲ್ಲ. ಮನೇಲಿ ಇನ್ನೊಂದಿದೆಯಲ್ಲ, ಅದಕ್ಕೆ.” ಹೆಂಡತಿ ಗಂಡನ ಕಡೆ ಒಮ್ಮೆ ನೋಡಿದರು, ಕನಿಕರದಿಂದಲೇ. “ಇಲ್ಲಣ್ಣ, ಕಚ್ಚೋದಿಲ್ಲ. ಬರೀತಾ ಇರುತ್ತೆ, ಅಷ್ಟೆ.”